ಅನುಕಂಪದ ಟೇಬಲ್

೧

ಹೇಗೆ ಶುರು ಮಾಡಲಿ? ಮೂರು ಸಲ ಶುರು ಮಾಡಿ ಮೂರು ಸಲವೂ ಹರಿದು ಹಾಕಿದೆ.

ಮೊದಲನೆಯದು ಸಾವಿನಿಂದ ಶುರುವಾಗಿತ್ತು. 'ಡ್ರೈವರ್ ಈರಯ್ಯ ಆಫೀಸಿನ ಜೀಪನ್ನು ನೆರಳಿಗೆ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟವನು ಮತ್ತೆ ಏಳಲಿಲ್ಲ.' ಓದಿದವರು ಮೊದಲ ಸಾಲಿಗೇ ಅಯ್ಯೋ ಅನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಪರಿಚಯವೇ ಇಲ್ಲದವನ ಸಲುವಾಗಿ ಅಯ್ಯೋ ಅನ್ನಿಸುವುದು ಸುಲಭದ ಕಸುಬು, ಅದನ್ನು ಟಿವಿಯವರು ನನಗಿಂತ ಚೆನ್ನಾಗಿ ಮಾಡುತ್ತಾರೆ. ಹರಿದೆ.

ಎರಡನೆಯದು ನಿಘಂಟಿನಿಂದ. ವಿಶೇಷಾಂಕದ ಸಂಪಾದಕರು ಫೋನ್ ಮಾಡಿ, "ಈ ಸಲದ ಥೀಮ್ ಸಹಾನುಭೂತಿ, ಸ್ವಲ್ಪ ಎಕ್ಸ್‌ಪೆರಿಮೆಂಟಲ್ ಆಗಿರಲಿ" ಎಂದಿದ್ದರು. ಬೆಳಗಾವಿ ಕ್ಯಾಂಪಿನ ನನ್ನ ಬಾಡಿಗೆ ಮನೆಯಲ್ಲಿ ಕೂತು ಸಹಾನುಭೂತಿ, ಕನಿಕರ, ಮರುಕ, ಅನುಕಂಪ ಎಂದು ಒಂದರ ಕೆಳಗೊಂದು ಬರೆದೆ. ಸಹಾನುಭೂತಿಯನ್ನು ನಾನು ಕಡೆಯ ಸಲ ಕಂಡದ್ದು ಒಂದು ಫ್ಲೆಕ್ಸಿನ ಮೇಲೆ, ಅದೂ ಕಾಗುಣಿತ ತಪ್ಪಾಗಿ. ಕನಿಕರ ಯಾವಾಗಲೂ ಮೇಲಿನಿಂದ ಕೆಳಗೆ ಇಳಿದು ಬರುತ್ತದೆ. ಮರುಕ ಪದ್ಯಗಳನ್ನು ಬಿಟ್ಟು ಹೊರಗೆ ಬರದೆ ಎಷ್ಟೋ ವರ್ಷವಾಯಿತು. ಅನುಕಂಪ ಮಾತ್ರ ಇನ್ನೂ ಕೆಲಸ ಮಾಡುತ್ತಿದೆ: ಚುನಾವಣೆ ಬಂದರೆ ಅದರ ಅಲೆ ಏಳುತ್ತದೆ, ಸರ್ಕಾರಿ ಕಚೇರಿಯಲ್ಲಿ ಅದರ ಆಧಾರದ ಮೇಲೆ ನೌಕರಿ ಸಿಗುತ್ತದೆ. ಇಷ್ಟು ಬರೆದು ನೋಡಿದರೆ ಕಥೆಯ ಬದಲು ಪ್ರಬಂಧವಾಗಿತ್ತು. ಹರಿದೆ.

ಮೂರನೆಯದು ಪೇಡೆಯಿಂದ ಶುರುವಾಗಿತ್ತು. ಅದು ಸರಿಯಿತ್ತು. ಆದರೆ ಪೇಡೆಯ ಮಾತು ಹೇಳಬೇಕಾದವಳು ದಾನೇಶ್ವರಿ, ಅವಳು ಆಗ ಇನ್ನೂ ನನ್ನ ಜೊತೆ ಮಾತಾಡುತ್ತಿರಲಿಲ್ಲ.

೨

ದಾನೇಶ್ವರಿಗೆ ನಲವತ್ತನಾಲ್ಕು. ಸದಾಶಿವನಗರದಲ್ಲಿ ಮನೆ, ಬೆಳಗಾವಿಯ ಒಂದು ಜಿಲ್ಲಾ ಕಚೇರಿಯಲ್ಲಿ ಕೆಲಸ. (ಯಾವ ಇಲಾಖೆ ಎಂದು ಕೇಳಬೇಡಿ. ಹೇಳಿದರೆ ನನಗೊಂದು ನೋಟಿಸು ಬರುತ್ತದೆ, ಕಥೆಗೇನೂ ಲಾಭವಿಲ್ಲ.) ಅವಳು ಕೂರುವ ಟೇಬಲ್ಲಿಗೆ ಅಲ್ಲಿ 'ಅನುಕಂಪದ ಟೇಬಲ್' ಎನ್ನುತ್ತಾರೆ. ಸೇವೆಯಲ್ಲಿದ್ದಾಗಲೇ ಸತ್ತ ನೌಕರನ ಮನೆಯಲ್ಲಿ ಒಬ್ಬರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುತ್ತಾರಲ್ಲ, ಆ ಫೈಲುಗಳೆಲ್ಲ ಆ ಟೇಬಲ್ಲನ್ನು ಹಾದೇ ಮುಂದೆ ಹೋಗಬೇಕು.

ಅವಳೂ ಹಾಗೇ ಬಂದವಳು. ನನ್ನ ಮೊದಲ ಕರಡಿನಲ್ಲಿ ಸತ್ತ ಈರಯ್ಯ ಅವಳ ಅಪ್ಪ. ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ಆಗ ಅವಳಿಗೆ ಇಪ್ಪತ್ತು, ಅಣ್ಣ ಶಶಿಧರನಿಗೆ ಇಪ್ಪತ್ತೆರಡು. ಮಕ್ಕಳು ಇಬ್ಬರು, ನೌಕರಿ ಒಂದು. ಅಣ್ಣ ಛಾಪಾ ಕಾಗದದ ಮೇಲೆ ಬರೆದುಕೊಟ್ಟ: 'ಸದರಿ ನೌಕರಿಯನ್ನು ನನ್ನ ತಂಗಿಗೆ ಕೊಡಲು ನನ್ನದು ಯಾವುದೇ ತಕರಾರು ಇರುವುದಿಲ್ಲ. ಯಾರ ಒತ್ತಾಯಕ್ಕೂ ಒಳಗಾಗದೆ ಸ್ವಖುಷಿಯಿಂದ ಬರೆದುಕೊಟ್ಟಿರುತ್ತೇನೆ.' ಮರುತಿಂಗಳೇ ಅವನು ಊರ ಹೊರಗಿನ ಮಚ್ಛೆಯ ಒಂದು ಮಷಿನ್ ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇಥಿನ ಮುಂದೆ ನಿಂತ. ಇವತ್ತಿಗೂ ಅಲ್ಲೇ ನಿಂತಿದ್ದಾನೆ.

ಅಣ್ಣ ತಂಗಿಗೆ ಜಗಳವಿಲ್ಲ. ನಾಗರ ಪಂಚಮಿಗೆ ಅವನು ತಪ್ಪದೆ ಕರೆಯಲು ಬರುತ್ತಾನೆ, ಅವಳು ತಪ್ಪದೆ ಹೋಗುತ್ತಾಳೆ, ಉಂಡಿ ತಿನ್ನುತ್ತಾಳೆ. ಅವನ ಉಗುರುಗಳ ಸಂದಿಯಲ್ಲಿ ಕೂತ ಕಪ್ಪು ಎಣ್ಣೆ ಕಾಣದಿರಲಿ ಎಂದು ತಾಟಿನ ಕಡೆಗೇ ನೋಡುತ್ತಾ ತಿನ್ನುತ್ತಾಳೆ. ಒಂದೇ ಒಂದು ಪ್ರಶ್ನೆಯನ್ನು ಮಾತ್ರ ಅವಳು ಇಷ್ಟು ವರ್ಷ ಕೇಳಿಲ್ಲ: ಅಣ್ಣಾ, ಅದು ಸ್ವಖುಷಿಯೇ?

ಇಡೀ ಕಥೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಇದನ್ನು ಕೊನೆಗೆಂದು ಮುಚ್ಚಿಟ್ಟು ನಿಮ್ಮನ್ನು ಕಾಯಿಸುವ ಜಾಣತನ ನನಗೆ ಬೇಡ. ಈಗಲೇ ಹೇಳಿಬಿಟ್ಟಿದ್ದೇನೆ.

೩ (ಹರಿದದ್ದನ್ನು ಅಂಟಿಸಿದ್ದು)

ಹೊಸಬರು ಹಾಜರಾದ ದಿನ ಆ ಕಚೇರಿಯಲ್ಲಿ ಪೇಡೆ ಕೇಳುವ ರೂಢಿ. ಕೊಡದಿದ್ದರೆ ತಿಂಗಳುಗಟ್ಟಲೆ ಕಾಡುತ್ತಾರೆ. ಅನುಕಂಪದಿಂದ ಬಂದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲರಿಗೂ ಗೊತ್ತು. ಅಂಥವರಿಗೆ ಹಳಬರೇ ಚಹಾ ಕುಡಿಸುತ್ತಾರೆ, 'ನಿಮ್ಮಪ್ಪ ಬಾಳ ಛಲೋ ಮನಷ್ಯಾ' ಎನ್ನುತ್ತಾರೆ, ಅವತ್ತಿನ ಮಟ್ಟಿಗೆ ಜೋರಾಗಿ ನಗುವುದಿಲ್ಲ.

ಇಪ್ಪತ್ತು ವರ್ಷದ ದಾನೇಶ್ವರಿಗೆ ಇದು ಗೊತ್ತಿರಲಿಲ್ಲ. ಪಾಸಾದಾಗ ಪೇಡೆ ಹಂಚಿದ್ದಳು, ನೌಕರಿ ಸಿಕ್ಕಾಗಲೂ ಹಂಚಬೇಕು ಎಂದುಕೊಂಡಳು. ಡಬ್ಬಿ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಹೋದಳು. ಯಾರೂ ಬೇಡ ಅನ್ನಲಿಲ್ಲ. ಒಬ್ಬೊಬ್ಬರೂ ಒಂದೊಂದು ತೆಗೆದುಕೊಂಡು ಫೈಲಿನ ಬದಿಗೆ ಇಟ್ಟುಕೊಂಡರು. ಊಟದ ಹೊತ್ತಿಗೆ ನೋಡಿದರೆ ಪೇಡೆಗಳು ಅಲ್ಲೇ ಇದ್ದವು. ನಾಲ್ಕು ಗಂಟೆಗೂ ಅಲ್ಲೇ ಇದ್ದವು. ಅವಳ ಅಪ್ಪನ ಜೀಪಿನಲ್ಲಿ ವರ್ಷಗಟ್ಟಲೆ ಓಡಾಡಿದವರು ಅವರೆಲ್ಲ. ಈರಯ್ಯ ಸತ್ತದ್ದಕ್ಕೆ ಬಂದ ಪೇಡೆಯನ್ನು ಬಾಯಿಗೆ ಹೇಗೆ ಹಾಕಿಕೊಂಡಾರು? ತಾನು ಮಾಡಿದ್ದು ಏನೆಂದು ಆಗ ಅವಳಿಗೆ ತಿಳಿಯಿತು. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅನುಕಂಪದ ಟೇಬಲ್ಲಿನಲ್ಲಿ ಆಗ ಪದ್ಮಾಕರ ಇದ್ದರು. ಜೈನರು, ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕದವರು. ಐದೂವರೆಗೆ ಎಲ್ಲರೂ ಚೀಲ ಎತ್ತಿಕೊಳ್ಳುವಾಗ ಅವರು ಕಿಟಕಿಯ ಕಡೆ ನೋಡಿದರು. ಬಿಸಿಲು ಇನ್ನೂ ಇತ್ತು. ಪೇಡೆಯನ್ನು ಬಾಯಿಗಿಟ್ಟು, ನಿಧಾನಕ್ಕೆ ತಿಂದು, "ಛಲೋ ಅದ ಯವ್ವಾ. ಎಲ್ಲಿ ತಂದಿ?" ಎಂದು ಕೇಳಿದರು.

ಉಳಿದದ್ದನ್ನು ಅವಳು ಡಬ್ಬಿಗೆ ತುಂಬಿಕೊಂಡು ಮನೆಗೆ ಹೋದಳು. ಶಶಿಧರ ಕಟ್ಟೆಯ ಮೇಲೆ ಕೂತಿದ್ದ. ಅವನು ಕೇಳಲಿಲ್ಲ, ಅವಳು ಕೊಡಲಿಲ್ಲ. ಮರುದಿನ ಅದೆಲ್ಲ ಓಣಿಯ ಆಕಳಿಗೆ ಹೋಯಿತು.

(ಇಲ್ಲಿಗೆ ಬಂದಾಗ ದಾನೇಶ್ವರಿ ಮೊದಲ ಸಲ ನನ್ನನ್ನು ತಡೆದಳು.)

"ನಾಚಿಕಿ ಅಂತ ಬರದೀರಲ್ರಿ, ಅದು ನಾಚಿಕಿ ಅಲ್ಲ."

"ಮತ್ತೇನು?"

"ನನಗ ಖುಷಿ ಆಗಿತ್ರಿ. ಅಪ್ಪ ಸತ್ತು ಎಂಟು ತಿಂಗಳಾಗಿತ್ತು, ನೌಕರಿ ಸಿಕ್ಕಿತ್ತು, ಖುಷಿ ಆಗಿತ್ತು. ಆ ಖುಷಿ ಎಲ್ಲಾರೂ ನೋಡಿಬಿಟ್ರು. ಅದಕ್ಕ ನನಗ ಹೆಸರು ಗೊತ್ತಿಲ್ಲ. ನೀವು ಶಬ್ದದ ಮಂದಿ, ಇದ್ರ ಹುಡುಕಿ ಕೊಡ್ರಿ."

ಹುಡುಕಿದೆ. ಸಿಗಲಿಲ್ಲ. 'ನಾಚಿಕೆ'ಯನ್ನು ಮೇಲೆ ಹಾಗೇ ಬಿಟ್ಟಿದ್ದೇನೆ, ಎರಡನೆಯ ಸಲ ಓದುವಾಗ ನೀವೇ ಹೊಡೆದು ಹಾಕಿ.

೪

ಈಗ ಖಾನಾಪುರ.

ಬೇಸಿಗೆಯಲ್ಲಿ ಅಲ್ಲಿಂದ ಒಂದು ಫೈಲ್ ಬಂತು. ಸತ್ತವನು ರಾಮಲಿಂಗ, ಅಲ್ಲಿಯ ಉಪಕಚೇರಿಯ ಸಿಪಾಯಿ. ಹೆಂಡತಿ ಚಂದ್ರವ್ವ. ಮಗಳು ಸೃಷ್ಟಿಗೆ ಇಪ್ಪತ್ತಮೂರು, ಊರಿನಲ್ಲೇ ಮಣ್ಣಿನ ಗಡಿಗೆ, ಹಣತೆ ಮಾಡುವ ಸಣ್ಣದೊಂದು ಕಾರ್ಖಾನೆಯಲ್ಲಿ ಕೆಲಸ. ಮಗ ಆಕಾಶನಿಗೆ ಹತ್ತೊಂಬತ್ತು. ಅರ್ಜಿ ಆಕಾಶನ ಹೆಸರಿನಲ್ಲಿತ್ತು. ಜೊತೆಗೆ ಅಕ್ಕನ ತಕರಾರಿಲ್ಲ ಪತ್ರ. ಅದೇ ಸಾಲು, ಅದೇ ಸ್ವಖುಷಿ. ಸಾಹೇಬರು, "ಮೇಡಂ, ಮನಿ ನೋಡಿ ವರದಿ ಕೊಡ್ರಿ" ಎಂದರು.

ಖಾನಾಪುರದ ಬಸ್ಸು ಮಚ್ಛೆಯ ಮೇಲೆಯೇ ಹೋಗುತ್ತದೆ. ಮಚ್ಛೆ ಬಂದಾಗ ದಾನೇಶ್ವರಿ ಯಾವಾಗಲೂ ಎದುರು ಬದಿಯ ಕಿಟಕಿಯಲ್ಲಿ ನೋಡುತ್ತಾಳೆ. ಅವತ್ತೂ ಹಾಗೇ ನೋಡಿದಳು.

ಮನೆ ನೋಡಲು ಬರುತ್ತಾರೆ ಎಂದು ಗೊತ್ತಾದರೆ ಜನ ಏನು ಮಾಡುತ್ತಾರೆ ಎಂದು ಅವಳಿಗೆ ಹೊಸದಾಗಿ ಹೇಳಬೇಕಿಲ್ಲ. ಮನೆಯಲ್ಲಿ ನಾಲ್ಕು ಸಾಮಾನು ಕಂಡರೆ ನೌಕರಿ ತಪ್ಪುತ್ತದೆ ಎಂದು ಯಾರು ಹಬ್ಬಿಸಿದರೋ, ನಿಯಮದಲ್ಲಂತೂ ಹಾಗಿಲ್ಲ. ಆದರೂ ಹಿಂದಿನ ದಿನವೇ ಸಾಮಾನು ಬಾಜು ಮನೆಗೆ ಹೋಗುತ್ತದೆ. ಚಂದ್ರವ್ವನ ಮನೆಯ ಪಡಸಾಲೆಯಲ್ಲಿ ಗೋಡೆಯ ಬದಿಗೆ ನೆಲದ ಮೇಲೆ ಒಂದು ಬೆಳ್ಳನೆಯ ಚೌಕವಿತ್ತು. ಅದರ ಮೇಲೆ ಖಾಲಿ ಪ್ಲಗ್ ಪಾಯಿಂಟ್, ಸ್ವಿಚ್ಚು ಇನ್ನೂ ಆನ್ ಇತ್ತು.

"ಬರ್ರಿ ಬಾಯಾರ, ಕುಂದರ್ರಿ. ಬಿಸಲಾಗ ಬಂದೀರಿ," ಎಂದಳು ಚಂದ್ರವ್ವ. "ಸೃಷ್ಟೀ, ಮೇಡಂರಿಗೆ ನೀರ ತಾ."

ಸೃಷ್ಟಿ ಅಡಿಗೆಮನೆಗೆ ಹೋಗಲಿಲ್ಲ, ಹೊರಗೆ ಹೋದಳು. ಬಾಜು ಮನೆಯವರ ಜೊತೆ ಮರಾಠಿಯಲ್ಲಿ ಎರಡು ಮಾತು ಕೇಳಿಸಿತು. ತಂದ ಬಾಟಲಿಯ ಮೈಯಿಂದ ತಣ್ಣನೆಯ ಹನಿ ಇಳಿಯುತ್ತಿತ್ತು. ಅದರ ಕುತ್ತಿಗೆಗೆ ಗುರುತಿಗೆಂದು ಕೆಂಪು ದಾರ ಕಟ್ಟಿತ್ತು. ಅಂಥದೇ ಕೆಂಪು ದಾರದ ಎರಡು ಖಾಲಿ ಬಾಟಲಿಗಳು ಈ ಮನೆಯ ಅಡಿಗೆ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ನಿಂತಿದ್ದವು.

ಚಂದ್ರವ್ವ ಬಾಟಲಿ ನೋಡಿದಳು, ಮಗಳನ್ನು ನೋಡಿದಳು, ದಾನೇಶ್ವರಿಯ ಮುಖ ನೋಡಿದಳು. ಚಂದ್ರವ್ವನ ಮುಖ ಇಷ್ಟೇ ಇಷ್ಟಾಯಿತು. ಫ್ರಿಜ್ಜನ್ನು ಅಡಗಿಸಲು ನೆನಪಿತ್ತು, ಬಿಸಿಲಿನಲ್ಲಿ ಬಂದವರಿಗೆ ಬೆಚ್ಚನೆಯ ನೀರು ಕೊಡಲು ಮನಸ್ಸಾಗಿರಲಿಲ್ಲ.

ದಾನೇಶ್ವರಿ ಇಡೀ ಬಾಟಲಿ ಕುಡಿದಳು. ವರದಿಯ ಹಾಳೆ ತೆಗೆದು, 'ಮನೆಯಲ್ಲಿ ಫ್ರಿಜ್ ಇರುವುದಿಲ್ಲ' ಎಂದು ಬರೆದಳು.

(ಇಪ್ಪತ್ತನಾಲ್ಕು ವರ್ಷದ ಹಿಂದೆ ದಾನೇಶ್ವರಿಯ ಅವ್ವ ಸಂಗವ್ವ ಅಡಗಿಸಿದ್ದು ಹೊಲಿಗೆ ಮಷಿನ್. ನೆಲದ ಮೇಲೆ ಅದರ ಕಾಲುಗಳ ನಾಲ್ಕು ಗುರುತು ಉಳಿದಿದ್ದವು. ಮನೆ ನೋಡಲು ಬಂದ ಪದ್ಮಾಕರ ತಮ್ಮ ಖುರ್ಚಿಯನ್ನು ಎಳೆದು, ಸರಿಯಾಗಿ ಆ ಗುರುತುಗಳ ಮೇಲೆ ಇಟ್ಟುಕೊಂಡು ಕೂತರು. ಜೊತೆಗೆ ಬಂದ ಇನ್ನೊಬ್ಬ ಗುಮಾಸ್ತನಿಗೆ ಕಾಣಬಾರದೆಂದು. ಸಂಗವ್ವ ಈಗಿಲ್ಲ, ತೀರಿಕೊಂಡು ನಾಲ್ಕು ವರ್ಷವಾಯಿತು. ಸಾಯುವವರೆಗೂ ಆ ಖುರ್ಚಿಯ ಮಾತು ಹೇಳುತ್ತಿದ್ದಳು.)

ಇಲ್ಲಿಗೇ ನಿಲ್ಲಿಸಿದ್ದರೆ ಒಂದು ಚಂದದ ಕಥೆಯಾಗುತ್ತಿತ್ತು. ತಣ್ಣನೆಯ ನೀರು, ಅಂತಃಕರಣದ ಗುಮಾಸ್ತೆ, ಸಂಪಾದಕರಿಗೂ ಸಂತೋಷ. ಆದರೆ ದಾನೇಶ್ವರಿ ನಿಲ್ಲಲಿಲ್ಲ.

೫

ಹೊರಡುವಾಗ ಅವಳು ಸೃಷ್ಟಿಯನ್ನು ಅಂಗಳಕ್ಕೆ ಕರೆದಳು.

"ಪತ್ರ ನೀನ 'ಸ್ವಖುಷಿಲೇ' ಬರದಿಯೇನು?"

ಹುಡುಗಿ ಕೈಗಂಟಿದ ಒಣ ಮಣ್ಣನ್ನು ಉಗುರಿನಿಂದ ತೆಗೆಯುತ್ತಾ ನಿಂತಳು. ಕಣ್ಣು ತುಂಬಿ ಬಂದವು.

ದಾನೇಶ್ವರಿಗೆ ಅಲ್ಲಿ ಸೃಷ್ಟಿ ಕಾಣಲಿಲ್ಲ, ಕಟ್ಟೆಯ ಮೇಲೆ ಕೂತ ಶಶಿಧರ ಕಂಡ. ಇಪ್ಪತ್ತನಾಲ್ಕು ವರ್ಷ ಯಾರಿಗೂ ಹೇಳದ್ದನ್ನು ಆ ಅಂಗಳದಲ್ಲಿ ನಿಂತು ಹೇಳಿಬಿಟ್ಟಳು: ಅಣ್ಣನ ಸಹಿ, ಅವನ ಲೇಥು, ಅವನ ಉಗುರು, ತನ್ನ ಸಂಕಟ. ಹೇಳಿ, "ನೀ ಅಂಜಬ್ಯಾಡ. ನಿನ್ನ ಹಕ್ಕು ನಿನಗ ಸಿಗೂ ಹಂಗ ನಾ ಮಾಡ್ತೀನಿ" ಎಂದಳು. ಸೃಷ್ಟಿ ಇನ್ನೂ ಜೋರಾಗಿ ಅತ್ತಳು. ಅದಕ್ಕಿಂತ ಹೆಚ್ಚಿನ ಒಪ್ಪಿಗೆ ಯಾವುದು ಬೇಕು?

(ಈ ಜಾಗದಲ್ಲಿ ನಾನು ತ್ಯಾಗಮಯಿ ಅಕ್ಕನ ಮೇಲೆ ಒಂದು ಉದ್ದನೆಯ ಪ್ಯಾರಾ ಬರೆದಿದ್ದೆ. ಬರೆಯುತ್ತಾ ನಾನೇ ಅತ್ತೆ. ಅದನ್ನು ತೆಗೆದು ಹಾಕಿದ ಕಾರಣ ಮುಂದೆ ತಿಳಿಯುತ್ತದೆ.)

ಬೆಳಗಾವಿಗೆ ಬಂದ ದಾನೇಶ್ವರಿ ಫೈಲಿನ ಮೇಲೆ 'ತಕರಾರಿಲ್ಲ ಪತ್ರದ ಬಗ್ಗೆ ಪರಿಶೀಲನೆಯಲ್ಲಿದೆ' ಎಂದು ಬರೆದು ಕೆಳಗಿನ ಡ್ರಾವರಿನಲ್ಲಿಟ್ಟಳು. ತಿಂಗಳ ಕೊನೆಗೆ ಹೆಸರುಗಳ ಯಾದಿ ಮೇಲಿನ ಕಚೇರಿಗೆ ಹೋಗಬೇಕು. ಅದರಲ್ಲಿ ಹೆಸರಿಲ್ಲದಿದ್ದರೆ ಆಕಾಶ ಒಂದು ವರ್ಷ ಕಾಯಬೇಕು. ಅಷ್ಟರಲ್ಲಿ ಅರ್ಜಿಯ ಅವಧಿಯೇ ಮುಗಿಯಬಹುದು. ಇದೆಲ್ಲ ಅವಳಿಗೆ ಗೊತ್ತಿತ್ತು. ಆದರೂ ಆ ದಿನಗಳಲ್ಲಿ ಅವಳು ಹಗುರಾಗಿದ್ದಳು. ಶಶಿಧರನಿಗೆ ಯಾರೂ ಮಾಡದ್ದನ್ನು ತಾನು ಒಬ್ಬಳಿಗಾದರೂ ಮಾಡಿದೆ ಎಂದು ಎಷ್ಟೋ ವರ್ಷಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದಳು.

೬

(ನಿಘಂಟು ಮತ್ತೆ ಬಂತು, ಕ್ಷಮಿಸಿ. ಎರಡೇ ಸಾಲು. ಕಂಪ ಎಂದರೆ ನಡುಕ. ಅನುಕಂಪ ಎಂದರೆ ಇನ್ನೊಬ್ಬರು ನಡುಗಿದಾಗ ಅವರ ಹಿಂದೆ ತಾನೂ ನಡುಗುವುದು. ಅವರು ಮೊದಲು, ನಾವು ಆಮೇಲೆ. ಆ ಸರತಿಯನ್ನು ಯಾರು ನೋಡುತ್ತಾರೆ ಎಂದು ನಿಘಂಟಿನಲ್ಲಿ ಬರೆದಿಲ್ಲ.)

೭

ಯಾದಿ ಹೋಗಲು ಎರಡು ದಿನ ಇರುವಾಗ ಸೃಷ್ಟಿ ಕಚೇರಿಗೆ ಬಂದಳು. ಕುಂದರು ಎಂದರೂ ಕೂರಲಿಲ್ಲ.

"ಮೇಡಂರೀ, ನನ್ನ ತಮ್ಮನ ಫೈಲ್ ಯಾಕ ನಿಂತೈತಿ?"

"ನಿನ್ನ ಸಲುವಾಗಿ ನಿಲ್ಲಿಸೀನಿ ತಂಗಿ."

"ನಾ ಕೇಳಿದ್ನೇನ್ರಿ?"

"ಅವತ್ತು ನೀ ಅತ್ತಿ."

"ಅತ್ತೆ. ಯಾಕ ಅತ್ತೆ ಅಂತ ನೀವು ಕೇಳಲಿಲ್ಲ. ನಿಮ್ಮದ ಹೇಳಿದ್ರಿ."

ಬಾಜು ಟೇಬಲ್ಲಿನವರು ತಲೆ ಎತ್ತಿದರು. ದಾನೇಶ್ವರಿ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು.

"ನಾ ಅಪ್ಪನ ಜೋಡಿ ಒಂದೂವರಿ ವರ್ಷ ಮಾತಾಡಿದ್ದಿಲ್ರಿ," ಎಂದಳು ಸೃಷ್ಟಿ. "ಒಂದ ಮನ್ಯಾಗ ಇದ್ದು, ಒಂದ ಒಲಿ ಮ್ಯಾಲಿಂದು ಉಂಡು, ಮಾತಿಲ್ಲ. ಯಾಕಂತ ನಿಮಗ ಹೇಳೂದಿಲ್ಲ, ಇವರಿಗಂತೂ ಮೊದ್ಲ ಹೇಳೂದಿಲ್ಲ." ('ಇವರಿಗೆ' ಎನ್ನುವಾಗ ಅವಳು ಕೈ ಮಾಡಿದ್ದು ನನ್ನ ಕಡೆಗೆ.) "ಮಾತು ಹತ್ತೂದರೊಳಗ ಅಂವ ಸತ್ತ. ಈಗ ಆ ಸಾವಿಗಿ ನಾ ನೌಕರಿ ತಗೊಂಡ್ರ, ಅವನ ಆಫೀಸಿನ್ಯಾಗ ಕುಂತು, ಬಂದಬಂದವರೆಲ್ಲಾ ನಿಮ್ಮಪ್ಪ ಛಲೋ ಮನಷ್ಯಾ ಅಂದಾಗ ಹೌದ್ರಿ ಅನಬೇಕು. ರಿಟೈರ್ ಆಗೂ ತನಕ ಹೌದ್ರಿ ಅನಬೇಕು. ನನಗ ಆಗೂದಿಲ್ಲ. ತಮ್ಮಗ ಅಪ್ಪ ಅಂದ್ರ ಜೀವ. ಅಂವ ಕುಂದರಲಿ. ನನಗ ಗಡಿಗಿ ಕೆಲಸ ಐತಿ."

"ಮತ್ತ ಆ ಪತ್ರದಾಗ..."

"ಖುಷಿ ಎಲ್ಲೈತ್ರಿ ಅದರಾಗ? ಬಾಂಡ್ ಬರಿಯೋರು ಎಲ್ಲಾರಿಗೂ ಹಂಗ ಬರೀತಾರ. ಆದ್ರ ಸಹಿ ನಂದ. ಯಾರೂ ಕೈ ಹಿಡದು ಮಾಡಿಸಿದ್ದಲ್ಲ."

ಓದುಗರೇ, ಇದು ನನಗೂ ಗೊತ್ತಿರಲಿಲ್ಲ. ನಾನು ಸೃಷ್ಟಿಯನ್ನು ತಮ್ಮನಿಗಾಗಿ ಬಾಳು ತೇಯುವ ಅಕ್ಕನನ್ನಾಗಿ ಮಾಡಿಟ್ಟಿದ್ದೆ. ಅದಕ್ಕೇ ಆ ಉದ್ದನೆಯ ಪ್ಯಾರಾ ಹೋಯಿತು. ದಾನೇಶ್ವರಿ ನಡುಗಿದ್ದು ಸುಳ್ಳಲ್ಲ, ನಾನು ಅತ್ತದ್ದೂ ಸುಳ್ಳಲ್ಲ. ಆದರೆ ಅವಳು ತನ್ನ ಹಳೆಯ ಸಂಕಟವನ್ನು ಆ ಹುಡುಗಿಯ ಮೈಮೇಲೆ ಹೊದಿಸಿ, ಅದನ್ನು ನೋಡಿ ಮರುಗಿದಳು. ನಾನು ಅವಳನ್ನು ನೋಡಿ ಮರುಗಿದೆ. ನೀವು ನನ್ನನ್ನು ಓದಿ ಮರುಗಲು ತಯಾರಾಗಿದ್ದಿರಿ. ಈ ಸಾಲಿನಲ್ಲಿ ಸೃಷ್ಟಿ ಎಲ್ಲೂ ಇರಲಿಲ್ಲ.

ಹೊರಡುವ ಮುಂಚೆ ಅವಳು ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಳು. ಸಿಟ್ಟಿನಿಂದ ಅಲ್ಲ.

"ನಿಮ್ಮ ಅಣ್ಣಾರಿಗೆ ಈ ನೌಕರಿ ಬೇಕಾಗಿತ್ತು ಅಂತ ಅವರು ನಿಮಗ ಹೇಳ್ಯಾರೇನ್ರಿ?"

"ಇಲ್ಲ."

"ಮತ್ತ?"

ದಾನೇಶ್ವರಿ ಕೆಳಗಿನ ಡ್ರಾವರ್ ತೆಗೆದಳು. ಫೈಲಿನ ಮೇಲಿನ ತನ್ನ ಷರಾ ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ, ತಾನೇ ಎತ್ತಿಕೊಂಡು ಸಾಹೇಬರ ಕೋಣೆಗೆ ಹೋದಳು. ಆಕಾಶನ ಹೆಸರು ಯಾದಿಯಲ್ಲಿ ಹೋಯಿತು.

೮

ಐದು ತಿಂಗಳ ಮೇಲೆ ಆಕಾಶ ಹಾಜರಾಗಲು ಬಂದ. ಹೊಸ ಅಂಗಿ, ಅಪ್ಪನ ಹಳೆಯ ವಾಚು. ಜೊತೆಗೆ ಸೃಷ್ಟಿ ಬಂದಿದ್ದಳು. ಅವಳ ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಸಣ್ಣ ಗಡಿಗೆ, ಅವಳೇ ಮಾಡಿದ್ದು. ಬಟ್ಟೆ ಬಿಚ್ಚಿದರೆ ಒಳಗೆ ಪೇಡೆ.

ಹಳಬರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಬೇಡ ಅನ್ನಲಿಲ್ಲ, ಯಾರ ಕೈಯೂ ಮುಂದೆ ಬರಲಿಲ್ಲ. ಆಕಾಶನ ಕಿವಿ ಕೆಂಪಾದವು. ಏನೋ ತಪ್ಪಾಗಿದೆ ಎಂದು ಅವನಿಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

(ಸೃಷ್ಟಿಗೆ ಈ ರೂಢಿ ಗೊತ್ತಿತ್ತೇ? ಗೊತ್ತಿದ್ದೇ ತಂದಳೇ? ನಾನು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ನಾನು ಊಹಿಸುವುದನ್ನು ಬಿಟ್ಟಿದ್ದೇನೆ.)

ದಾನೇಶ್ವರಿ ಎದ್ದು ಬಂದಳು. ಗಡಿಗೆಯೊಳಗೆ ಕೈ ಹಾಕಿ ಒಂದು ಪೇಡೆ ತೆಗೆದು, ಎಲ್ಲರೂ ನೋಡುವಂತೆ ಬಾಯಿಗಿಟ್ಟುಕೊಂಡಳು.

"ಛಲೋ ಅದ," ಎಂದಳು. "ಎಲ್ಲಿ ತಂದಿ ತಮ್ಮಾ?"

ಆಕಾಶ ಅಂಗಡಿಯ ಹೆಸರು ಹೇಳಿದ. ಆಮೇಲೆ ಇಬ್ಬರು ತಿಂದರು, ಮೂವರು ಫೈಲಿನ ಬದಿಗೆ ಇಟ್ಟುಕೊಂಡರು. ಇಟ್ಟುಕೊಂಡವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ರಾಮಲಿಂಗ ಖಾನಾಪುರಕ್ಕೆ ಹೋಗುವ ಮುಂಚೆ ಅವರು ಇಲ್ಲಿ ಅವನ ಜೊತೆ ಕೆಲಸ ಮಾಡಿದವರು.

"ಸೃಷ್ಟಿ, ಇನ್ನೊಂದು ಕೊಡ್ತಿ?" ಎಂದು ಕೇಳಿ, ಅದನ್ನು ಒಂದು ಬಿಳಿ ಹಾಳೆಯಲ್ಲಿ ಸುತ್ತಿ ಪರ್ಸಿನೊಳಗೆ ಇಟ್ಟಳು. ಮಧ್ಯಾಹ್ನದ ರಜೆ ಬರೆದು ಕೊಟ್ಟು ಖಾನಾಪುರದ ಬಸ್ಸು ಹತ್ತಿದಳು. ಟಿಕೆಟ್ ಮಾತ್ರ ಮಚ್ಛೆಗೆ ತೆಗೆಸಿದಳು.

೯

ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ನಾನು ಕೂತೆ. ಮೂರು ಮುಕ್ತಾಯಗಳನ್ನು ತಯಾರು ಮಾಡಿಕೊಂಡಿದ್ದೆ, ಓದಿ ಹೇಳಿದೆ.

ಒಂದು: ಶಶಿಧರ ನಗುತ್ತಾನೆ. 'ಹುಚ್ಚಿ, ನನಗ ಲೇಥ್ ಅಂದ್ರ ಜೀವ. ಆ ಫೈಲಿನ ಧೂಳು ಯಾರಿಗೆ ಬೇಕಾಗಿತ್ತು?' ಇಬ್ಬರೂ ಅಳುತ್ತಾರೆ.

"ಬಾಳ ಸಿಹಿ ಆತು," ಎಂದಳು.

ಎರಡು: ಶಶಿಧರ ಮುಖ ತಿರುಗಿಸುತ್ತಾನೆ. 'ಅವ್ವ ಪಾದ ಹಿಡಕೊಂಡಿದ್ಲು. ಹುಡುಗಿಗೆ ನೌಕರಿ ಇದ್ರ ಲಗ್ನ ಆಕ್ಕೈತಿ ಅಂದ್ಲು. ಇಷ್ಟು ವರ್ಷ ಯಾಕ ಕೇಳಲಿಲ್ಲ ನೀ?'

ಅವಳು ಪರ್ಸನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನಾನು ಬೇಗ ಮೂರನೆಯದಕ್ಕೆ ಹೋದೆ.

ಮೂರು: ಶಶಿಧರ ಕೇಳುತ್ತಾನೆ. 'ಯಾವ ಪತ್ರ?' ಅವನಿಗೆ ನೆನಪೇ ಇಲ್ಲ.

"ಇದು ನಿಮಗ ಬಾಳ ಸೇರೇತಿ, ಹೌದಿಲ್ಲೋ?" ಎಂದು ಕೇಳಿದಳು.

ಹೌದೆಂದೆ. ಕಥೆಗೆ ಅದೇ ಚೆನ್ನಾಗಿತ್ತು.

"ನೀವು ಛಲೋ ಬರೀತೀರಿ. ಆದ್ರ ಮೂರೂ ನಿಮ್ಮವ ಅದಾವ. ನಮ್ಮ ಅಣ್ಣ ಇನ್ನೂ ಬಾಯಿ ತಗದಿಲ್ಲ."

ಮಚ್ಛೆ ಬಂತು. ಅವಳು ಈ ಸಲ ಸರಿಯಾದ ಬದಿಯ ಕಿಟಕಿಯಲ್ಲಿ ನೋಡುತ್ತಿದ್ದಳು. ಇಳಿದು, ಧೂಳಿನ ರಸ್ತೆಯಲ್ಲಿ ನಡೆದು, ತಗಡಿನ ಶೆಡ್ಡಿನ ಗೇಟಿನ ಮುಂದೆ ನಿಂತಳು. ಒಳಗೆ ನಾಲ್ಕಾರು ಮಷಿನ್‌ಗಳ ಗದ್ದಲ. ನಾನು ಅವಳ ಹಿಂದೆಯೇ ಇದ್ದೆ. ಗೇಟಿಗೆ ಕೈ ಹಾಕಿದವಳು ತಿರುಗಿದಳು.

"ಇಲ್ಲೇ ನಿಂದರ್ರಿ ನೀವು."

"ನಾನು ಬರದೆ ಕಥೆ ಹೇಗೆ..."

"ಇದು ಕೇಳೋ ಹೊತ್ರಿ. ನೀವು ಬಂದ್ರ ಬರೀಲಿಕ್ಕೆ ಹತ್ತೀರಿ. ಕೈ ಮುಗೀತೀನಿ, ಇಲ್ಲೇ ನಿಂದರ್ರಿ."

ನಿಂತೆ. ನೀವೂ ನನ್ನ ಜೊತೆ ನಿಂತಿದ್ದೀರಿ.

ಗೇಟಿನಿಂದ ಕಂಡದ್ದು ಇಷ್ಟು. ತಲೆ ನೆರೆತ ಒಬ್ಬ ಮನುಷ್ಯ ಲೇಥಿನ ಮುಂದೆ ಬಾಗಿದ್ದ. ತಂಗಿಯನ್ನು ನೋಡಿ ಗಾಬರಿಯಾದ. ಪಂಚಮಿ ಅಲ್ಲ, ಹಬ್ಬ ಅಲ್ಲ, ಕೆಲಸದ ದಿನ ಬಂದಿದ್ದಾಳೆ, ಯಾರಿಗೆ ಏನಾಯಿತೋ ಎಂದುಕೊಂಡಿರಬೇಕು. (ಇರಬೇಕು ಎಂದೆ. ರೂಢಿ ಬಿಡುವುದು ಕಷ್ಟ.) ಅವನು ತನ್ನ ಮಷಿನ್ ಬಂದ್ ಮಾಡಿದ. ಉಳಿದವು ಓಡುತ್ತಲೇ ಇದ್ದವು. ದಾನೇಶ್ವರಿ ಹತ್ತಿರ ಹೋಗಿ ಏನೋ ಕೇಳಿದಳು. ಸಣ್ಣ ಪ್ರಶ್ನೆ, ಒಂದೇ ಉಸಿರಿನದು. ಅವನಿಗೆ ಕೇಳಿಸಲಿಲ್ಲ, ಕಿವಿ ಮುಂದೆ ತಂದ. ಅವಳು ಇನ್ನೊಮ್ಮೆ ಕೇಳಿದಳು.

ಅವನು ತಲೆ ತಗ್ಗಿಸಿದ. ಆಮೇಲೆ ಮಾತಾಡಿದ. ಒಂದು ಮಾತಲ್ಲ, ಬಹಳ ಮಾತು. ಮಾತಾಡುವಾಗ ಒಮ್ಮೆ ಕೈಯನ್ನು ತನ್ನ ಎದೆಗೆ ಮುಟ್ಟಿಸಿದ, ಒಮ್ಮೆ ದೂರ ಎಲ್ಲಿಗೋ ತೋರಿಸಿದ. ದಾನೇಶ್ವರಿ ನಡುವೆ ಬಾಯಿ ಹಾಕಲಿಲ್ಲ. ಅವಳು ಅಷ್ಟು ಹೊತ್ತು ಸುಮ್ಮನೆ ಕೇಳಿದ್ದನ್ನು ನಾನು ಈ ಕಥೆಯಲ್ಲಿ ಎಲ್ಲೂ ನೋಡಿರಲಿಲ್ಲ. ಅವಳ ಭುಜಗಳು ನಡುಗುತ್ತಿದ್ದವು. ಅವನ ಮಾತು ಮೊದಲು, ಅವಳ ನಡುಕ ಆಮೇಲೆ.

ಕೊನೆಗೆ ಅವಳು ಪರ್ಸಿನಿಂದ ಹಾಳೆಯ ಪೊಟ್ಟಣ ತೆಗೆದಳು. ಅವನು ಹಾಳೆಯನ್ನು ಮುಟ್ಟಿ ಹಿಂದೆಗೆದು ತನ್ನ ಎರಡೂ ಕೈ ತೋರಿಸಿದ, ಎಣ್ಣೆಯಲ್ಲಿ ಅದ್ದಿದಂತಿದ್ದವು. ಆ ಉಗುರುಗಳನ್ನು ಅವಳು ನೋಡಿದಳು, ಕಣ್ಣು ತಗ್ಗಿಸಲಿಲ್ಲ. ಪೇಡೆಯನ್ನು ತಾನೇ ಹಿಡಿದು ಮುಂದೆ ಚಾಚಿದಳು. ಅಣ್ಣ ಬಾಯಿ ತೆರೆದ.

೧೦

ಏನೆಂದ ಅವನು? ಮರಳುವ ಬಸ್ಸಿನಲ್ಲಿ ನಾನೂ ಅದನ್ನೇ ಕೇಳಿದೆ. ಬೇಡಿಕೊಂಡೆ ಎಂದರೂ ತಪ್ಪಿಲ್ಲ. ಓದುಗರು ಒಂಬತ್ತು ಭಾಗ ಕಾದಿದ್ದಾರೆ, ಅವರಿಗೂ ಒಂದಿಷ್ಟು ಅಂತಃಕರಣ ತೋರಿಸಿ ಎಂದೆ.

ಅವಳ ಕಣ್ಣು ಕೆಂಪಾಗಿದ್ದವು. ಮುಖ ನೋಡಿದರೆ ಒಳ್ಳೆಯ ಉತ್ತರವೋ ಕೆಟ್ಟ ಉತ್ತರವೋ ತಿಳಿಯುವಂತಿರಲಿಲ್ಲ.

"ಅಂವ ನನಗ ಹೇಳ್ಯಾನ," ಎಂದಳು. "ಕಥಿ ಇಲ್ಲಿಗೆ ನಿಂದರಲಿ. ನಿಮ್ಮದೇನರ ತಕರಾರು ಐತೇನ್ರಿ?"

ಪೇಡೆ ಸುತ್ತಿದ್ದ ಹಾಳೆ ಅವಳ ಪರ್ಸಿನಲ್ಲಿತ್ತು. ತೆಗೆದು, ಮಡಿಕೆ ಬಿಡಿಸಿ, ಪೆನ್ನಿನ ಜೊತೆ ನನ್ನ ಕೈಗೆ ಕೊಟ್ಟಳು. ಒಂದು ಮೂಲೆಯಲ್ಲಿ ತುಪ್ಪದ ಕಲೆ, ಅದರ ಬದಿಗೆ ಲೇಥಿನ ಎಣ್ಣೆಯ ಬೆರಳಚ್ಚು. ಬಸ್ಸು ಕುಲುಕುತ್ತಿದ್ದರಿಂದ ಅಕ್ಷರ ಸೊಟ್ಟಗಾಗಿವೆ.

'ಸದರಿ ಕಥೆಯನ್ನು ಇಲ್ಲಿಗೆ ನಿಲ್ಲಿಸಲು ನನ್ನದು ಯಾವುದೇ ತಕರಾರು ಇರುವುದಿಲ್ಲ.'

ಅವಳು ಓದಿ, ಮುಂದಿನ ಸಾಲು ಎಲ್ಲಿ ಎಂದು ಕೇಳಿದಳು. ಸ್ವಖುಷಿಯಿಂದ ಎಂದು ಬರೆಯಲು ನನಗೆ ಆಗಲಿಲ್ಲ. ಸಹಿ ಮಾತ್ರ ಮಾಡಿ ಕೊಟ್ಟಿದ್ದೇನೆ.